ನಮ್ಮ ಆಯ್ಕೆ ನಮ್ಮ ಫೋನಿನಲ್ಲೇ ಇರಲಿ

ಕಳೆದ ಮಾರ್ಚ್ ತಿಂಗಳ ಒಂದು ಸಂಜೆ ನಮ್ಮ ಕಡೆ 40 ಸೆಂಟ್ ಮಳೆಯಾಯಿತು. ರೋಬಸ್ಟಾ ಗಿಡಗಳು ಮೊಗ್ಗು ತುಂಬಿಕೊಂಡು ಹೂಮಳೆಗೆ ಕಾದು ನಿಂತಿದ್ದ ಸಮಯ. ಮರುದಿನ ಬೆಳಿಗ್ಗೆ ವಾಡಿಕೆಯಂತೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದೆವು; ಬಳಿಕ ಎರಡು ವರ್ಷಗಳಿಂದ ರೂಢಿಸಿಕೊಂಡಿದ್ದ ಮೊಬೈಲ್ ಆ್ಯಪ್‌ನಲ್ಲೂ 40 ಎಂದು ಒತ್ತಿದೆವು. ಮಳೆಯ ಲೆಕ್ಕ ಸೆಂಟಿನಲ್ಲಿರಲಿ ಎಂದು ಆ ಆ್ಯಪ್‌ಗೆ ಮೊದಲೇ ತಿಳಿಸಿಟ್ಟಿದ್ದೆವು. ಕೂಡಲೇ ಪರದೆಯ ಮೇಲೆ, ಹೂಮಳೆ ಸಾಕಷ್ಟಾಗಿದೆ, ನೀರು ಕೊಡುವುದು ಬೇಡ ಎಂಬರ್ಥದ ಸೂಚನೆ ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಬರಬೇಕಾದದ್ದು ಇಂಗ್ಲಿಷಿನಲ್ಲಿ ಬಂದಾಗಲೇ ನಮಗೆ ಸಂಶಯ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಮನೆಯ ಹುಡುಗ ಆ ಸೂಚನೆಯನ್ನು ನಂಬಿ ಸ್ಪ್ರಿಂಕ್ಲರ್ ಪೈಪುಗಳನ್ನು ಬಿಚ್ಚಿಸಿ, ಸರದಿಗಾಗಿ ಕಾದಿದ್ದ ಪಕ್ಕದ ತೋಟಕ್ಕೆ ಕಳಿಸಿಬಿಟ್ಟ.

ಕಾಫಿ ಬೆಳೆಯುವವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. 40 ಸೆಂಟ್ ಎಂದರೆ ಸುಮಾರು 10 ಮಿಲಿಮೀಟರ್. ಆ್ಯಪ್ ಅದನ್ನು 40 ಮಿಲಿಮೀಟರ್ ಎಂದು ತಿಳಿಯಿತು. ಅಂದರೆ ಒಂದೂವರೆ ಇಂಚಿಗೂ ಮಿಗಿಲು. ಮೊದಲನೆಯದು ಮೊಗ್ಗನ್ನು ಕೆಣಕಿ ಕೈಬಿಡುವ ಮಳೆ, ಎರಡನೆಯದು ತೋಟವನ್ನೆಲ್ಲ ಬೆಳ್ಳಗಾಗಿಸುವ ಮಳೆ. ಮೂರು ದಿನ ಕಳೆದು ಮನೆಯ ಹಿರಿಯರು ಮಳೆ ಪುಸ್ತಕ ತೆರೆದಾಗಲೇ ತಪ್ಪು ತಿಳಿದದ್ದು. ಪೈಪು ಮರಳಿ ಬರುವಷ್ಟರಲ್ಲಿ ಇನ್ನೂ ಮೂರು ದಿನವಾಯಿತು. ಕೆಳಗಿನ ಪಟ್ಟೆಯ ಹೂ ಅರ್ಧಂಬರ್ಧದಲ್ಲೇ ಮುಗಿಯಿತು. ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟುವ ಉದ್ದೇಶ ನಮಗಿಲ್ಲ. ಪುಸ್ತಕ ಕೈಯಲ್ಲಿದ್ದೂ ಪರದೆಯನ್ನು ನಂಬಿದವರು ನಾವೇ. ಆದರೂ ಎರಡು ವರ್ಷ ಸರಿಯಾಗಿ ನಡೆದುಕೊಂಡ ಆ್ಯಪ್ ಒಂದೇ ದಿನದಲ್ಲಿ ನಮ್ಮ ಭಾಷೆಯನ್ನೂ ಅಳತೆಯನ್ನೂ ಮರೆತದ್ದೇಕೆ ಎಂದು ತಿಳಿಯದೆ ಬಿಡಬಾರದೆನಿಸಿತು. ನಮ್ಮ ಸಂಘವೂ ಸದಸ್ಯರಿಗಾಗಿ ಒಂದು ಆ್ಯಪ್ ಮಾಡಿಸುವ ಯೋಚನೆಯಲ್ಲಿರುವುದರಿಂದ, ತಿಳಿದದ್ದನ್ನು ಇಲ್ಲಿ ಬರೆಯುವುದು ಸಕಾಲಿಕವೆಂದು ಭಾವಿಸಿದ್ದೇವೆ.

ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿರುವ ನಮ್ಮ ಸಂಬಂಧಿಕ ಹುಡುಗನೊಬ್ಬ ಯುಗಾದಿಗೆ ಊರಿಗೆ ಬಂದಾಗ ಫೋನನ್ನು ಬಿಚ್ಚಿ ನೋಡಿ, ಅಂದರೆ ಸ್ಕ್ರೂ ಬಿಚ್ಚಿ ಅಲ್ಲ, ಒಳಗಿನ ವ್ಯವಸ್ಥೆಯನ್ನು ನೋಡಿ, ವಿಷಯ ತಿಳಿಸಿದ. ಮಳೆಗೆ ಹಿಂದಿನ ದಿನ ನಾವು ಪೇಟೆಗೆ ಹೋಗಿದ್ದೆವು. ಅಲ್ಲಿ ಒಳ್ಳೆಯ ಸಿಗ್ನಲ್ ಸಿಕ್ಕಿದ್ದರಿಂದ ಆ್ಯಪ್ ತನ್ನಷ್ಟಕ್ಕೆ ತಾನೇ ಹೊಸ ಆವೃತ್ತಿಗೆ ಬದಲಾಗಿತ್ತು. ಹಳೆಯ ಆವೃತ್ತಿಯಲ್ಲಿ ಭಾಷೆ, ಅಳತೆ, ಮಾರುಕಟ್ಟೆ ಮುಂತಾದ ನಮ್ಮ ಆಯ್ಕೆಗಳು ಫೋನಿನ ಒಳಗೇ ಬರೆದಿದ್ದವು. ಹೊಸದರಲ್ಲಿ ಅವುಗಳನ್ನು ಕಂಪನಿಯ ದೂರದ ಕಂಪ್ಯೂಟರಿನಲ್ಲಿ, ಸರ್ವರ್ ಎನ್ನುತ್ತಾರಲ್ಲ ಅಲ್ಲಿ, ಇಡುವ ಏರ್ಪಾಡಾಗಿತ್ತು. ಅಲ್ಲಿಂದ ಅವು ಬರಬೇಕಾದರೆ ಲಾಗಿನ್ ಆಗಬೇಕು. ಲಾಗಿನ್‌ಗೆ ಒಟಿಪಿ ಬೇಕು. ಒಟಿಪಿಗೆ ಸಿಗ್ನಲ್ ಬೇಕು. ತೋಟದಲ್ಲಿ ಅದಿಲ್ಲ. ಅತಿಥಿಯಾಗಿ ಮುಂದುವರಿಯಿರಿ ಎಂದು ಪರದೆ ಕೇಳಿದ್ದಕ್ಕೆ ನಾವು ಒಪ್ಪಿದ್ದೆವು. ನಮ್ಮ ತೋಟದ ಮಳೆ ಲೆಕ್ಕಕ್ಕೆ ನಾವೇ ಅತಿಥಿಗಳು! ಅತಿಥಿಯ ಆಯ್ಕೆ ಏನೆಂದು ಆ್ಯಪ್‌ಗೆ ಗೊತ್ತಿಲ್ಲವಾದ್ದರಿಂದ, ಅದನ್ನು ಮಾಡಿದವರು ಮೊದಲೇ ಇಟ್ಟಿದ್ದ ಇಂಗ್ಲಿಷ್ ಭಾಷೆ ಮತ್ತು ಮಿಲಿಮೀಟರ್ ಅಳತೆಯನ್ನು ಹಿಡಿಯಿತು.

ಈ ಮೊದಲೇ ಇಟ್ಟದ್ದಕ್ಕೆ ಡೀಫಾಲ್ಟ್ ಎಂದು ಹೆಸರು. ಯಾವ ಆಯ್ಕೆಯೂ ಸಿಗದಿದ್ದಾಗ ಆ್ಯಪ್ ಇದನ್ನು ಹಿಡಿದುಕೊಂಡು ಸುಮ್ಮನೆ ಮುಂದುವರಿಯುತ್ತದೆ; ಸಿಗಲಿಲ್ಲ ಎಂದು ಕೂಗಿ ಹೇಳುವುದಿಲ್ಲ. ನಗರದ ಮೇಜಿನ ಮುಂದೆ ಕೂತವರಿಗೆ ಮಿಲಿಮೀಟರ್ ಸಹಜ, ಹೆಕ್ಟೇರ್ ಸಹಜ. ನಮ್ಮ ತೋಟಗಳ ಮಳೆ ಪುಸ್ತಕಗಳಲ್ಲಿ ತಲೆಮಾರುಗಳಿಂದ ಇಂಚು-ಸೆಂಟು ನಡೆದುಬಂದಿದೆ, ಜಮೀನು ಎಕರೆ-ಗುಂಟೆಯಲ್ಲಿದೆ. ಕಾಫಿಯ ದರ 50 ಕೆ.ಜಿ. ಚೀಲಕ್ಕೆ, ಅಡಿಕೆಯ ದರ ಕ್ವಿಂಟಾಲಿಗೆ. ಅಡಿಕೆಯಲ್ಲೇ ರಾಶಿ ಬೇರೆ, ಬೆಟ್ಟೆ ಬೇರೆ, ಚಾಲಿ ಬೇರೆ. ಇವುಗಳನ್ನೆಲ್ಲ ಬೆಳೆಗಾರ ಒಂದು ಸಲ ಗುರುತು ಮಾಡಿದ ಮೇಲೆ ಅದು ಅವನ ಮಾತು. ಯಂತ್ರ ಆ ಮಾತನ್ನು ಮರೆತರೆ ಸಣ್ಣ ಕಿರುಕುಳವೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ನಮ್ಮ ಕೆಳಗಿನ ಪಟ್ಟೆಯೇ ಸಾಕ್ಷಿ.

ಇಂಥ ಆಯ್ಕೆಗಳನ್ನು ಫೋನಿನ ಒಳಗೇ ಇಡುವುದು ಕಷ್ಟದ ಕೆಲಸವೇ ಎಂದು ಕೇಳಿದೆವು. ಕಷ್ಟವಲ್ಲ, ಆ್ಯಪ್ ಬರೆಯಲು ಕಲಿಯುವವರು ಮೊದಲ ಕೆಲವು ವಾರಗಳಲ್ಲೇ ಕಲಿಯುವ ಪಾಠ ಅದು ಎಂದ. ಆ್ಯಂಡ್ರಾಯ್ಡ್ ಫೋನಿನಲ್ಲಿ ಪ್ರತಿಯೊಂದು ಆ್ಯಪ್‌ಗೂ ಒಂದು ಖಾಸಗಿ ಕೋಣೆ ಇರುತ್ತದಂತೆ. ಸಾಮಾನ್ಯವಾಗಿ ಒಂದು ಆ್ಯಪ್ ಇನ್ನೊಂದರ ಕೋಣೆಗೆ ಕಾಲಿಡುವಂತಿಲ್ಲ. ಆ ಕೋಣೆಯಲ್ಲಿ ಶೇರ್ಡ್ ಪ್ರಿಫರೆನ್ಸಸ್ ಎಂಬ ಒಂದು ಚಿಕ್ಕ ಚೀಟಿ ಪುಸ್ತಕ. ಎಡಗಡೆ ಹೆಸರು, ಬಲಗಡೆ ಆಯ್ಕೆ: ಭಾಷೆ ಕನ್ನಡ, ಮಳೆ ಸೆಂಟು, ಜಮೀನು ಎಕರೆ. ಅಷ್ಟೇ. ಐಫೋನಿನಲ್ಲಿ ಇದೇ ಕೆಲಸಕ್ಕೆ ಯೂಸರ್ ಡೀಫಾಲ್ಟ್ಸ್ ಎಂಬುದಿದೆ. ನಮ್ಮ ಎಲ್ಲ ಆಯ್ಕೆಗಳನ್ನು ಬರೆದರೂ ಒಂದು ಫೋಟೋ ಹಿಡಿಯುವ ಜಾಗದ ಸಾವಿರದಲ್ಲೊಂದು ಪಾಲು ತುಂಬುವುದಿಲ್ಲ. ಆ್ಯಪ್ ತೆರೆದೊಡನೆ ಈ ಚೀಟಿಯನ್ನು ಓದಿಕೊಳ್ಳುತ್ತದೆ. ಸಿಗ್ನಲ್ ಇರಲಿ ಬಿಡಲಿ, ಓದುವುದು ನಿಲ್ಲುವುದಿಲ್ಲ.

ಈ ಚೀಟಿಯ ವ್ಯವಸ್ಥೆಯಲ್ಲೂ ಕುಂದುಗಳಿಲ್ಲದಿಲ್ಲ. ಬರೆದೆ ಎಂದು ಹೇಳುವುದಕ್ಕೂ ನಿಜವಾಗಿ ಬರೆಯುವುದಕ್ಕೂ ನಡುವೆ ಅಂತರ ಇರಬಹುದಂತೆ. ಒಂದು ವಿಧಾನದಲ್ಲಿ ಆಯ್ಕೆ ಮೊದಲು ತಾತ್ಕಾಲಿಕ ನೆನಪಿಗೆ ಹೋಗಿ, ಆಮೇಲೆ ಬಿಡುವಾದಾಗ ಶಾಶ್ವತ ಜಾಗಕ್ಕೆ ಇಳಿಯುತ್ತದೆ. ಬರೆಯುವುದು ತಪ್ಪಿಹೋದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದರಲ್ಲಿ ಬರೆದು ಮುಗಿಯುವವರೆಗೆ ಕಾದು, ಆಯಿತು ಅಥವಾ ಆಗಲಿಲ್ಲ ಎಂಬ ಉತ್ತರ ಸಿಗುತ್ತದೆ. 2021ರಲ್ಲಿ ಗೂಗಲ್ ಇದಕ್ಕಿಂತ ಭದ್ರವಾದ ಡೇಟಾಸ್ಟೋರ್ ಎಂಬ ಹೊಸ ವ್ಯವಸ್ಥೆಯ ಸ್ಥಿರ ಆವೃತ್ತಿಯನ್ನು ಹೊರತಂದಿತು. ಹಳೆಯ ಚೀಟಿಯಲ್ಲಿದ್ದದ್ದನ್ನು ಹೊಸದಕ್ಕೆ ಸಾಗಿಸುವ ಏರ್ಪಾಡೂ ಅದರಲ್ಲೇ ಇದೆ. ಆ್ಯಪ್ ಹೊಸ ಆವೃತ್ತಿಗೆ ಬದಲಾದಾಗ ಖಾಸಗಿ ಕೋಣೆಯಲ್ಲಿದ್ದದ್ದು ಅಳಿಸಿಹೋಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಂದರೆ ನಮ್ಮ ಆಯ್ಕೆಗಳು ಆ ಮಾರ್ಚ್ ತಿಂಗಳಲ್ಲೂ ಫೋನಿನೊಳಗೇ ಬಿದ್ದಿದ್ದವು. ಹೊಸ ಆವೃತ್ತಿ ಅತ್ತ ತಿರುಗಿ ನೋಡಲಿಲ್ಲ, ಅಷ್ಟೇ. ಹೊಸ ರೈಟರು ಬಂದು ಹಳೆಯ ಲೆಕ್ಕದ ಪುಸ್ತಕವನ್ನು ಅಟ್ಟಕ್ಕೆ ಎಸೆದ ಹಾಗೆ.

ಹಾಗಾದರೆ ಕಂಪನಿಗಳು ಇದನ್ನೇಕೆ ದೂರದ ಸರ್ವರಿಗೆ ಒಯ್ಯುತ್ತವೆ? ಅವರ ಕಡೆಯ ಮಾತನ್ನೂ ಹೇಳಬೇಕು. ಫೋನು ಕಳೆದುಹೋದರೆ, ಹೊಳೆಗೆ ಬಿದ್ದರೆ, ಹೊಸದನ್ನು ಕೊಂಡರೆ, ಲಾಗಿನ್ ಆದ ಕೂಡಲೇ ಎಲ್ಲವೂ ಮೊದಲಿನಂತೆ ಬರುತ್ತದೆ. ಒಬ್ಬರೇ ಎರಡು ಫೋನು ಇಟ್ಟುಕೊಂಡಿದ್ದರೆ ಎರಡರಲ್ಲೂ ಒಂದೇ ಆಯ್ಕೆ. ಇವು ನಿಜವಾದ ಅನುಕೂಲಗಳು. ಮಳೆಗಾಲದಲ್ಲಿ ನಮ್ಮಲ್ಲಿ ಎಷ್ಟು ಫೋನು ನೀರು ಕುಡಿಯುತ್ತವೆ ಎಂದು ಪೇಟೆಯ ರಿಪೇರಿ ಅಂಗಡಿಯವರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಈ ಅನುಕೂಲ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬೇಕಾಗುವಂಥದು. ಸಿಗ್ನಲ್ ಇಲ್ಲದ ಅನನುಕೂಲ ನಮಗೆ ದಿನನಿತ್ಯದ್ದು. ಮನೆಯ ಜಗಲಿಯ ಒಂದು ಮೂಲೆಯಲ್ಲಿ ಎರಡು ಗೆರೆ, ತೋಟಕ್ಕೆ ಇಳಿದರೆ ಒಂದೂ ಇಲ್ಲ. ಆಷಾಢದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಜಗಲಿಯಲ್ಲೂ ಇಲ್ಲ. ವರ್ಷಕ್ಕೊಮ್ಮೆಯ ಅನುಕೂಲಕ್ಕಾಗಿ ದಿನದಿನದ ಕೆಲಸವನ್ನು ಒತ್ತೆಯಿಡುವುದು ಯಾವ ಲೆಕ್ಕ?

ಎರಡನ್ನೂ ಹೊಂದಿಸುವ ದಾರಿಯೂ ಇದೆ. ಮೂಲ ಪ್ರತಿ ಫೋನಿನಲ್ಲಿರಬೇಕು. ಆ್ಯಪ್ ಯಾವಾಗಲೂ ಅದನ್ನೇ ಓದಬೇಕು. ಬೇಕೆಂದವರಿಗೆ ಮಾತ್ರ ಒಂದು ನಕಲು ಸರ್ವರಿಗೆ, ಸಿಗ್ನಲ್ ಸಿಕ್ಕಾಗ, ನಿಧಾನವಾಗಿ ಹೋಗಲಿ. ನಕಲು ಹೋಗದಿದ್ದರೆ ಕೆಲಸ ನಿಲ್ಲಬಾರದು. ಎರಡರಲ್ಲೂ ವ್ಯತ್ಯಾಸ ಕಂಡರೆ ಆ್ಯಪ್ ತಾನೇ ತೀರ್ಮಾನಿಸದೆ ನಮ್ಮನ್ನು ಕೇಳಬೇಕು. ಜಮೀನಿನ ಮೂಲ ಪತ್ರ ನಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡು ಜೆರಾಕ್ಸ್ ಪ್ರತಿಯನ್ನು ಕಚೇರಿಗೆ ಕೊಡುವುದು ನಮಗೆ ಹೊಸದೇನೂ ಅಲ್ಲ.

ಫೋನಿನಲ್ಲಿಟ್ಟರೆ ಅದನ್ನು ಕಳೆದುಕೊಳ್ಳುವ ದಾರಿಗಳನ್ನೂ ಸದಸ್ಯರು ತಿಳಿದಿರಬೇಕು. ಇಲ್ಲವಾದರೆ ನಮ್ಮ ವಾದವೇ ನಮಗೆ ತಿರುಗುಬಾಣವಾದೀತು. ಫೋನು ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ಅಲ್ಲಿಯ ಹುಡುಗರು ಮೊದಲು ಮಾಡುವ ಕೆಲಸ ಜಾಗ ಖಾಲಿ ಮಾಡುವುದು. ಅಲ್ಲಿ ಎರಡು ಗುಂಡಿಗಳಿವೆ. ಕ್ಲಿಯರ್ ಕ್ಯಾಶ್ ಎಂಬುದು ತಾತ್ಕಾಲಿಕ ಕಸವನ್ನು ಮಾತ್ರ ಗುಡಿಸುತ್ತದೆ. ಅದನ್ನು ಒತ್ತಿದರೆ ಭಯವಿಲ್ಲ. ಕ್ಲಿಯರ್ ಡೇಟಾ, ಕೆಲವು ಫೋನುಗಳಲ್ಲಿ ಕ್ಲಿಯರ್ ಸ್ಟೋರೇಜ್ ಎಂದಿರುವುದು, ಆ ಆ್ಯಪ್‌ನ ಕೋಣೆಯನ್ನೇ ಬರಿದು ಮಾಡುತ್ತದೆ: ಆಯ್ಕೆಗಳೂ ಹೋದವು, ಒಳಗೆ ಬರೆದಿಟ್ಟ ಲೆಕ್ಕಗಳೂ ಹೋದವು. ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಇದೇ ಪರಿಣಾಮದ್ದು. ವಾಟ್ಸಾಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳನ್ನು ಅಳಿಸಿದರೆ ಎಷ್ಟೋ ಜಾಗ ಸಿಗುತ್ತದೆ. ಅದನ್ನು ಉಳಿಸಿಕೊಂಡು ಮಳೆ ಲೆಕ್ಕದ ಆ್ಯಪ್ ಬರಿದು ಮಾಡಿಸಿಕೊಂಡವರನ್ನು ನಾವು ಬಲ್ಲೆವು. ಆ್ಯಪ್ ಬದಲು ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನು ಬಳಸುವವರು ಇನ್ನೂ ಎಚ್ಚರ ವಹಿಸಬೇಕು. ಐಫೋನಿನ ಸಫಾರಿ ಬ್ರೌಸರು, ಏಳು ದಿನ ಬಳಕೆಯಲ್ಲಿದ್ದೂ ಯಾವ ಪುಟವನ್ನು ನಾವು ಮುಟ್ಟುವುದಿಲ್ಲವೋ ಆ ಪುಟ ಬರೆದಿಟ್ಟದ್ದನ್ನು ಅಳಿಸುವ ನಿಯಮವನ್ನು 2020ರಲ್ಲಿ ತಂದಿತು.

ಆ್ಯಂಡ್ರಾಯ್ಡ್‌ನಲ್ಲಿ 2015ರ 6.0 ಆವೃತ್ತಿಯಿಂದ ಆ್ಯಪ್‌ಗಳ ಆಯ್ಕೆಗಳನ್ನು ನಮ್ಮದೇ ಗೂಗಲ್ ಖಾತೆಗೆ ತಾನಾಗಿ ನಕಲು ಮಾಡುವ ಸೌಲಭ್ಯ ಬಂತು. ಒಂದು ಆ್ಯಪ್‌ಗೆ 25 ಎಂ.ಬಿ.ವರೆಗೆ. ಆ್ಯಪ್ ಬರೆದವರು ಇದನ್ನು ತಡೆಯದಿದ್ದರೆ ಮಾತ್ರ ಇದು ನಡೆಯುತ್ತದೆ. ಸಾಮಾನ್ಯವಾಗಿ ಫೋನು ಚಾರ್ಜಿಗಿದ್ದು, ಕೆಲಸವಿಲ್ಲದೆ ಕೂತಿದ್ದು, ವೈ-ಫೈ ಸಿಕ್ಕಿದಾಗ ನಡೆಯುವ ಕೆಲಸವಾದ್ದರಿಂದ ವೈ-ಫೈ ಇಲ್ಲದ ಮನೆಗಳಲ್ಲಿ ಇದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಇದಕ್ಕಿಂತ ನಮಗೆ ಹಿಡಿಸಿದ್ದು ಸರಳವಾದ ಇನ್ನೊಂದು ಉಪಾಯ: ಆ್ಯಪ್‌ನಲ್ಲೇ ಒಂದು ಗುಂಡಿ, ಒತ್ತಿದರೆ ಎಲ್ಲ ಆಯ್ಕೆಗಳೂ ಲೆಕ್ಕಗಳೂ ಒಂದು ಚಿಕ್ಕ ಫೈಲಾಗಿ ಹೊರಬರಬೇಕು. ಅದನ್ನು ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಬಹುದು, ಮಗಳ ಫೋನಿಗೆ ಕಳಿಸಬಹುದು, ಸಂಘದ ಕಚೇರಿಯ ಕಂಪ್ಯೂಟರಿಗೆ ಕೊಡಬಹುದು. ಹೊಸ ಫೋನಿನಲ್ಲಿ ಅದೇ ಫೈಲನ್ನು ತೋರಿಸಿದರೆ ಎಲ್ಲವೂ ಮರಳಬೇಕು. ಒಟಿಪಿ ಬೇಡ, ಟವರ್ ಬೇಡ.

ಇಲ್ಲಿ ಒಂದು ಭೇದವನ್ನು ಗುರುತಿಸುವುದು ಅಗತ್ಯ. ಮಳೆಯನ್ನು ಸೆಂಟಿನಲ್ಲಿ ತೋರಿಸು ಎಂಬುದು ಆಯ್ಕೆ. ಮಾರ್ಚ್ ತಿಂಗಳ ಇಂಥ ದಿನ 40 ಸೆಂಟ್ ಬಿತ್ತು ಎಂಬುದು ದಾಖಲೆ. ಆಯ್ಕೆ ಬದಲಾದರೆ ದಾಖಲೆ ಬದಲಾಗಕೂಡದು. ನಮ್ಮ ಪ್ರಕರಣದಲ್ಲಿ ಆದ ದೊಡ್ಡ ಪ್ರಮಾದ ಇದೇ ಎಂದು ಆ ಹುಡುಗ ಹೇಳಿದ. ಆ್ಯಪ್ 40 ಎಂಬ ಬರಿಯ ಸಂಖ್ಯೆಯನ್ನು ತೆಗೆದುಕೊಂಡು, ಅದು ಯಾವ ಅಳತೆ ಎಂಬುದನ್ನು ಆ ಹೊತ್ತಿನ ಆಯ್ಕೆಯಿಂದ ಊಹಿಸಿತು. ಸಂಖ್ಯೆಯ ಪಕ್ಕದಲ್ಲೇ ಸೆಂಟು ಎಂದೋ ಮಿಲಿಮೀಟರ್ ಎಂದೋ ದೊಡ್ಡಕ್ಷರದಲ್ಲಿ ತೋರಿಸಿ, ಹಾಗೆಯೇ ಬರೆದಿಟ್ಟಿದ್ದರೆ ನಮ್ಮ ಕಣ್ಣಿಗೂ ಬೀಳುತ್ತಿತ್ತು, ಮುಂದೆ ತಿದ್ದಲೂ ಬರುತ್ತಿತ್ತು. ಮಳೆ, ಕೂಲಿ, ಗೊಬ್ಬರ, ಔಷಧಿಯ ದಾಖಲೆಗಳು ಆಯ್ಕೆಯ ಚೀಟಿಯಲ್ಲಿ ತುರುಕುವಂಥವಲ್ಲ. ಅದಕ್ಕೆ ಎಸ್‌ಕ್ಯೂಎಲೈಟ್ ಎಂಬ ಬೇರೆಯೇ ಲೆಕ್ಕದ ಪುಸ್ತಕ ಫೋನುಗಳಲ್ಲಿದೆ. ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಜ್ಞ 2000ದಲ್ಲಿ ಅದನ್ನು ಹೊರತಂದು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. ಆ್ಯಂಡ್ರಾಯ್ಡ್, ಐಫೋನ್ ಎರಡರಲ್ಲೂ ಅದು ಇದೆ. ಸಿಗ್ನಲ್ ಇಲ್ಲದೆಯೇ ವರ್ಷಗಟ್ಟಲೆಯ ಲೆಕ್ಕ ಅದರಲ್ಲಿ ನಿಲ್ಲುತ್ತದೆ.

ಇಷ್ಟರವರೆಗಿನದು ಅನುಕೂಲದ ಮಾತು. ನಾವು ಇದಕ್ಕಿಂತ ಗಂಭೀರವೆಂದು ಎಣಿಸುವ ಇನ್ನೊಂದು ಸಂಗತಿಯಿದೆ.

ಈಗಿನ ಬೆಲೆ ತಿಳಿಸುವ ಆ್ಯಪ್‌ಗಳಲ್ಲಿ ದರದ ಗುರುತು ಹಾಕುವ ಸೌಲಭ್ಯ ಇರುವುದುಂಟು. ರೋಬಸ್ಟಾ ಚೆರ್ರಿ ಚೀಲಕ್ಕೆ ಇಷ್ಟಾದಾಗ ನನಗೆ ತಿಳಿಸು, ರಾಶಿ ಅಡಿಕೆ ಕ್ವಿಂಟಾಲಿಗೆ ಇಷ್ಟು ದಾಟಿದಾಗ ಗಂಟೆ ಬಾರಿಸು ಎಂದು ಬರೆದಿಟ್ಟರೆ ಫೋನು ಕೂಗುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಈ ಗುರುತು ಎಂದರೇನು ಎಂದು ಸ್ವಲ್ಪ ಯೋಚಿಸಿ. ನಾನು ಯಾವ ದರಕ್ಕೆ ಮಾರಲು ಸಿದ್ಧ ಎಂಬ ಮನಸ್ಸಿನೊಳಗಿನ ಮಾತು ಅದು. ದನದ ಜಾತ್ರೆಯಲ್ಲಿ ನಮ್ಮ ಹಿರಿಯರು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದುದು ಈ ಮಾತು ಪಕ್ಕದವನಿಗೆ ತಿಳಿಯದಿರಲೆಂದು. ಹಿಂದೆ ನಾವು ಕಾಫಿಯನ್ನು ಮಂಡಳಿಯ ಪೂಲಿಗೇ ಕೊಡಬೇಕಾಗಿದ್ದ ಕಾಲದಲ್ಲಿ ದರದ ಬಗ್ಗೆ ಗುಟ್ಟು ಇಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಬಂದ ಕಂತನ್ನು ಎಣಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗಿತ್ತು. 1990ರ ದಶಕದಲ್ಲಿ ಆ ಕಡ್ಡಾಯ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಹೋದ ಮೇಲೆ, ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂಬ ತೀರ್ಮಾನ ನಮ್ಮ ಕೈಗೆ ಬಂತು. ಆ ತೀರ್ಮಾನವನ್ನು ಇಂದು ಆ್ಯಪ್‌ನ ಒಂದು ಚೌಕದೊಳಗೆ ಅಂಕಿಯಾಗಿ ಬರೆದು, ಅದು ಎಲ್ಲಿಗೆ ಹೋಗುತ್ತದೆಂದು ಕೇಳದೆ ಸುಮ್ಮನಿದ್ದೇವೆ.

ಒಬ್ಬ ಬೆಳೆಗಾರನ ಗುರುತು ತಿಳಿದರೆ ಅಂಥ ಅನಾಹುತವೇನೂ ಆಗದಿರಬಹುದು. ಒಂದು ತಾಲ್ಲೂಕಿನ ಸಾವಿರ ಜನರ ಗುರುತು ಒಂದೇ ಸರ್ವರಿನಲ್ಲಿ ಸೇರಿದರೆ ವಿಷಯ ಬೇರೆಯಾಗುತ್ತದೆ. ಯಾವ ದರಕ್ಕೆ ಎಷ್ಟು ಜನರ ಗೋದಾಮಿನ ಬಾಗಿಲು ತೆರೆಯುತ್ತದೆ ಎಂಬ ಪಟ್ಟಿ ಅಲ್ಲಿ ತಾನಾಗಿ ಸಿದ್ಧವಾಗುತ್ತದೆ. ಆ ಪಟ್ಟಿ ಕೈಯಲ್ಲಿರುವ ಖರೀದಿದಾರ ದರವನ್ನು ಎಲ್ಲಿಯವರೆಗೆ ಏರಿಸಬೇಕು, ಎಲ್ಲಿ ನಿಲ್ಲಿಸಿದರೂ ಸಾಕು ಎಂದು ತಿಳಿದೇ ಮಾತಿಗೆ ಕೂರುತ್ತಾನೆ. ಯಾರಾದರೂ ಹೀಗೆ ಮಾಡಿದ್ದಾರೆಂದು ನಾವು ಹೇಳುತ್ತಿಲ್ಲ. ಹೇಳಲು ನಮ್ಮಲ್ಲಿ ಆಧಾರವಿಲ್ಲ. ಹಾಗೆ ಮಾಡಲು ಬರುವಂಥ ಪಟ್ಟಿಯನ್ನು ನಾವೇ ಕೂತು ತುಂಬಿಸಿಕೊಡಬೇಕಾದ ಅಗತ್ಯವೇನು ಎಂಬುದಷ್ಟೇ ನಮ್ಮ ಪ್ರಶ್ನೆ.

ಅಗತ್ಯವಿಲ್ಲ ಎಂಬುದೇ ಉತ್ತರ. ಗುರುತು ಫೋನಿನಲ್ಲೇ ಇರಲಿ. ಸರ್ವರು ಆ ದಿನದ ದರಪಟ್ಟಿಯನ್ನು ಎಲ್ಲರಿಗೂ ಒಂದೇ ರೀತಿ ಕಳಿಸಲಿ, ಪತ್ರಿಕೆಯಲ್ಲಿ ಅಚ್ಚಾದ ಹಾಗೆ. ಹೋಲಿಸಿ ನೋಡುವ ಕೆಲಸ ಫೋನಿನೊಳಗೆ ನಡೆಯಲಿ. ನಮ್ಮ ಗುರುತು ದಾಟಿದ್ದರೆ ಫೋನು ತಾನೇ ಕೂಗಲಿ. ಪತ್ರಿಕೆ ಓದುವವನು ಯಾವ ಸಾಲಿಗೆ ಕಣ್ಣು ಹಾಕಿದ ಎಂಬುದು ಪತ್ರಿಕೆಯವನಿಗೆ ತಿಳಿಯುವುದಿಲ್ಲವಷ್ಟೆ. ಆ್ಯಂಡ್ರಾಯ್ಡ್‌ನಲ್ಲಿ ಇಂಥ ಹಿನ್ನೆಲೆಯ ಆವರ್ತನೆಯ ಕೆಲಸಕ್ಕೆ ಕನಿಷ್ಠ ಅಂತರ 15 ನಿಮಿಷ. ನಿಮಿಷ ನಿಮಿಷಕ್ಕೂ ದರ ನೋಡುವ ಷೇರುಪೇಟೆಯವರಿಗೆ ಅದು ಸಾಲದಿರಬಹುದು. ದಿನಕ್ಕೆ ಒಂದೋ ಎರಡೋ ಸಲ ಬದಲಾಗುವ ನಮ್ಮ ಚೀಲದ ದರಕ್ಕೆ ಧಾರಾಳವಾಯಿತು.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹೇಳಿದ ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ, ಒಪ್ಪಿಗೆ ಪಡೆದು ತೆಗೆದುಕೊಳ್ಳಬೇಕು ಎಂಬುದು ಅದರ ಒಂದು ಮುಖ್ಯ ಅಂಶ. ಕಾಯ್ದೆ ಇರುವುದು ಒಳ್ಳೆಯದು. ಆದರೆ ಆ್ಯಪ್ ತೆರೆದ ಮೊದಲ ದಿನ ಮೂರು ಪುಟದ ಇಂಗ್ಲಿಷ್ ಷರತ್ತಿನ ಕೆಳಗೆ ಒಪ್ಪಿದೆ ಎಂದು ಒತ್ತುವವರು ನಾವೇ. ಕೊಟ್ಟ ಮೇಲೆ ಕಾಯ್ದೆ ಹಿಡಿದು ಓಡಾಡುವುದಕ್ಕಿಂತ ಕೊಡದೆ ಇರುವುದು ಸುಲಭ. ಸರ್ವರಿಗೆ ಹೋಗದ ಅಂಕಿಯನ್ನು ಯಾರೂ ಮಾರಲಾರರು, ಕದಿಯಲಾರರು.

ಫೋನಿನಲ್ಲಿಟ್ಟದ್ದೆಲ್ಲ ಭದ್ರ ಎಂದು ತಿಳಿಯುವುದೂ ತಪ್ಪು. ಆಯ್ಕೆಯ ಚೀಟಿ ಬೀಗವಿಲ್ಲದ ಡ್ರಾಯರ್ ಇದ್ದಂತೆ. ಭಾಷೆ, ಅಳತೆ, ಅಕ್ಷರದ ಗಾತ್ರ ಅಲ್ಲಿರಲಿ. ಬ್ಯಾಂಕಿನ ಗುಪ್ತಸಂಖ್ಯೆ, ಪಾಸ್‌ವರ್ಡ್ ಅಲ್ಲಿರಬಾರದು. ಅವುಗಳಿಗೆ ಆ್ಯಂಡ್ರಾಯ್ಡ್‌ನಲ್ಲಿ ಕೀಸ್ಟೋರ್, ಐಫೋನಿನಲ್ಲಿ ಕೀಚೈನ್ ಎಂಬ ಬೇರೆ ಭದ್ರ ವ್ಯವಸ್ಥೆಗಳಿವೆ. ದರದ ಗುರುತನ್ನೂ ಆ ಬೀಗದ ಒಳಗೇ ಇಡಿಸುವುದು ಮೇಲು, ಏಕೆಂದರೆ ನಮ್ಮ ಮನೆಗಳಲ್ಲಿ ಒಂದು ಫೋನು ಹತ್ತು ಕೈ ಹಾಯುತ್ತದೆ. ಫೋನಿಗೇ ಬೀಗ ಹಾಕದಿದ್ದರೆ ಇದೆಲ್ಲ ವ್ಯರ್ಥ ಎಂಬುದು ಬೇರೆ ಮಾತು.

ನಮ್ಮ ಸಂಘದ ಆ್ಯಪ್ ವಿಷಯಕ್ಕೆ ಬರೋಣ. ಆಡಳಿತ ಮಂಡಳಿಯು ದರಪಟ್ಟಿ, ಗೊಬ್ಬರದ ದಾಸ್ತಾನು, ಮಳೆ ಲೆಕ್ಕ ಮತ್ತು ಸದಸ್ಯರ ಖಾತೆಯ ವಿವರಗಳನ್ನು ಒಂದೇ ಕಡೆ ತರುವ ಆಲೋಚನೆ ಮಾಡಿದೆ, ಸ್ವಾಗತಾರ್ಹ. ಸಂಘದಲ್ಲಿ ಇರುವ ಸಾಲ, ಠೇವಣಿ, ಮಾರಾಟದ ಲೆಕ್ಕ ಸಂಘದ ಕಂಪ್ಯೂಟರಿನಲ್ಲೇ ಇರಬೇಕಾದದ್ದು ನ್ಯಾಯ. ಅದು ಇಬ್ಬರ ನಡುವಿನ ಲೆಕ್ಕ. ಆದರೆ ಸದಸ್ಯನ ಭಾಷೆ, ಅಳತೆ, ಅವನು ನೋಡುವ ಮಾರುಕಟ್ಟೆ, ಅವನ ಪಟ್ಟೆಗಳ ಹೆಸರು, ಅವನ ದರದ ಗುರುತು ಸಂಘಕ್ಕೂ ಬೇಡ. ಸಂಘವೆಂದರೆ ನಾವೇ ಆದರೂ ಬೇಡ; ಸಂಘವೂ ನಮ್ಮ ಮಾಲನ್ನು ಕೊಳ್ಳುವ ಪಕ್ಷವೇ ಎಂಬುದನ್ನು ಮರೆಯಬಾರದು. ಟೆಂಡರು ಕರೆಯುವ ಮೊದಲೇ ಇದನ್ನು ಷರತ್ತಾಗಿ ಬರೆಯಿಸಬೇಕು: ಸಿಗ್ನಲ್ ಮತ್ತು ಲಾಗಿನ್ ಇಲ್ಲದೆ ಆ್ಯಪ್ ತೆರೆಯಬೇಕು, ಸದಸ್ಯ ಬಿಟ್ಟ ರೀತಿಯಲ್ಲೇ ತೆರೆಯಬೇಕು. ಹೊಸ ಆವೃತ್ತಿ ಬಂದಾಗ ಹಳೆಯ ಆಯ್ಕೆಗಳನ್ನು ಹೊತ್ತು ತರಬೇಕು. ತರಲಾಗದಿದ್ದರೆ ಡೀಫಾಲ್ಟ್ ಹಿಡಿದು ಸುಮ್ಮನೆ ಮುಂದುವರಿಯದೆ ಕನ್ನಡದಲ್ಲಿ ಕೇಳಬೇಕು. ಡೀಫಾಲ್ಟ್ ಕೂಡ ನಮ್ಮ ಕಡೆಯದೇ ಆಗಿರಲಿ. ಕೆಲಸ ಒಪ್ಪಿಕೊಳ್ಳುವ ದಿನ ಪರೀಕ್ಷೆ ಕಚೇರಿಯ ವೈ-ಫೈ ಕೆಳಗೆ ಬೇಡ. ಯಾರಾದರೂ ಸದಸ್ಯರ ತೋಟದ ಹಳ್ಳದ ಬದಿಯಲ್ಲಿ ನಿಂತು ತೆರೆಸಿ ನೋಡೋಣ.

ಖರ್ಚು ಹೆಚ್ಚಾದೀತೆಂದು ಮಾಡುವವರು ಹೇಳಬಹುದು. ಫೋನಿನಲ್ಲಿ ಬರೆದಿಡುವುದಕ್ಕೆ ಸರ್ವರಿನ ಬಾಡಿಗೆಯಿಲ್ಲ. ಬರೆಯುವ ಕೆಲಸ ಮೊದಲೇ ಹೇಳಿದಂತೆ ಮೊದಲ ಪಾಠದ್ದು. ನಿಜವಾಗಿ ಶ್ರಮ ಬೇಕಾಗುವುದು ಎರಡು ಪ್ರತಿಗಳನ್ನು ತಾಳೆ ನೋಡುವಲ್ಲಿ ಮತ್ತು ಆವೃತ್ತಿ ಬದಲಾದಾಗ ಸಾಗಿಸುವಲ್ಲಿ. ಅದಕ್ಕೆ ಕೇಳಿದಷ್ಟು ಕೊಡಲು ಸಂಘ ಹಿಂಜರಿಯಬಾರದು. ಬಣ್ಣಬಣ್ಣದ ಚಿತ್ರಗಳಿಗೆ ಕೊಡುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಸರಿಹೋದೀತು.

ಅಲ್ಲಿಯವರೆಗೆ ಸದಸ್ಯರು ಒಂದು ಕೆಲಸ ಮಾಡಿಟ್ಟುಕೊಳ್ಳಬಹುದು. ಈಗ ಬಳಸುವ ಆ್ಯಪ್‌ಗಳ ಸೆಟ್ಟಿಂಗ್ ಪುಟವನ್ನು ತೆರೆದು, ಅಲ್ಲಿರುವ ಆಯ್ಕೆಗಳನ್ನು ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಬಳಿಕ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಬರೆದದ್ದೂ ಕಂಡದ್ದೂ ಒಂದೇ ಆಗಿದ್ದರೆ ನಿಮ್ಮ ಆಯ್ಕೆ ಫೋನಿನಲ್ಲಿರುವ ಸಂಭವ ಹೆಚ್ಚು. ಬೇರೆಯಾಗಿ ಕಂಡರೆ, ಅಥವಾ ತೆರೆಯದೇ ಹೋದರೆ, ಆ ಆ್ಯಪ್‌ನ ಹೆಸರನ್ನೂ ಕಂಡದ್ದನ್ನೂ ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಯಲ್ಲಿ ಕಾರ್ಯದರ್ಶಿಯವರಿಗೆ ಕೊಡಬೇಕಾಗಿ ಕೋರುತ್ತೇವೆ. ಆ್ಯಪ್‌ನ ವಿಷಯ ಮುಂದಿನ ಮಹಾಸಭೆಗೆ ಬರಲಿದ್ದು, ಬಂದ ಚೀಟಿಗಳನ್ನೆಲ್ಲ ಅಲ್ಲಿ ಓದಲಾಗುವುದು.